ನದರಿನ ಕನ್ನಡಕ

ಹಾನಗಲ್ಲಿನಲ್ಲಿ ಹುಟ್ಟಿ ಬೆಳೆದವಳು, ನಮ್ಮ ಕಡೆಯ ಆಡುಮಾತನ್ನು ಯಾರೂ ನನಗೆ ಕಲಿಸಬೇಕಿಲ್ಲ ಎಂಬ ಜಂಬ ನನಗಿತ್ತು. ಆ ಜಂಬವೇ ಸವಣೂರಿನಲ್ಲಿ ನನ್ನ ಮಾನ ಕಳೆಯಿತು.

ಕಟ್ಟಡದ ಕೆಲಸಗಾರರು ಅಪಾಯವನ್ನು ಹೇಗೆ ಗುರುತಿಸುತ್ತಾರೆ ಎಂಬುದು ನನ್ನ ಸಂಶೋಧನೆಯ ವಿಷಯ. ಹಾಕಿಕೊಂಡವರ ಕಣ್ಣು ಎಲ್ಲೆಲ್ಲಿ ನಿಂತಿತು ಎಂಬುದನ್ನು ವಿಡಿಯೊದಲ್ಲಿ ಕೆಂಪು ಚುಕ್ಕಿಯಾಗಿ ತೋರಿಸುವ ಕನ್ನಡಕವೊಂದನ್ನು ಕಾಲೇಜಿನಿಂದ ಒಂದೇ ದಿನಕ್ಕೆ ಎರವಲು ತಂದಿದ್ದೆ. ಆ ದಿನ ಕೈತಪ್ಪಿದರೆ ಇಡೀ ವರ್ಷದ ಕೆಲಸ ನೀರುಪಾಲು. ಅರ್ಧ ಎದ್ದ ಮನೆಯೊಂದರ ಮಾಳಿಗೆಯ ಮೇಲೆ ಹತ್ತಿಮತ್ತೂರಿನ ಗಾರೆ ಕೆಲಸದ ಗೌಂಡಿಗಳು, ಆಳುಗಳು ಸೇರಿದ್ದರು. ನಾನು ಗಂಟಲು ಸರಿಮಾಡಿಕೊಂಡೆ.

"ನಿಮ್ಮ ನದರ ಎಲ್ಲೆಲ್ಲಿ ಬೀಳ್ತೈತಿ ಅಂತ ಇದು ಹಿಡದು ಕೊಡ್ತೈತ್ರಿ."

ಹಿರಿಯ ಗೌಂಡಿ ಕಂಬಕ್ಕೆ ಕಟ್ಟಿದ್ದ ದೃಷ್ಟಿಗೊಂಬೆಯನ್ನು ನೋಡಿದರು, ನನ್ನನ್ನು ನೋಡಿದರು.

"ಮಾಲಕರು ಕಳಿಸ್ಯಾರೇನ್ರಿ? ಅವರ ಮನಿಗೆ ನಾವು ಯಾಕ ನದರ ಹಚ್ತೇವ್ರಿ?"

ನದರು ಅಂದರೆ ನೋಟವೂ ಹೌದು, ಕೆಟ್ಟ ಕಣ್ಣೂ ಹೌದು. ಉಪ್ಪು ಮೆಣಸಿನಕಾಯಿ ನಿವಾಳಿಸಿ ನನ್ನ ನದರು ತೆಗೆಯುತ್ತಿದ್ದ ಅವ್ವನ ಮಗಳಿಗೆ ಇದು ಹೊಳೆಯಬಾರದೇ? ಎಷ್ಟು ಬಿಡಿಸಿ ಹೇಳಿದರೂ ಒಬ್ಬರೂ ಕನ್ನಡಕ ಮುಟ್ಟಲಿಲ್ಲ. ನನಗೆ ಅಳುವೇ ಬಂತು, ಅದರ ಬೆನ್ನಿಗೇ ಸಿಟ್ಟು.

"ನಾನ ಹಾಕ್ಕೋತೇನಿ, ನೋಡ್ರಿ" ಎಂದು ಕನ್ನಡಕ ಏರಿಸಿ ಠೀವಿಯಿಂದ ಹೊರಟೆ. ಏಳೆಂಟು ಹೆಜ್ಜೆ ಇಟ್ಟಿರಬೇಕು, ಬುಟ್ಟಿ ಹೊರುವ ಅಕ್ಕ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಜಗ್ಗಿದಳು. ಕಾಲ ಮುಂದೆಯೇ ಮೆಟ್ಟಿಲಿಗೆಂದು ಬಿಟ್ಟ ಕಿಂಡಿ ಬಾಯ್ದೆರೆದಿತ್ತು.

ವಿಡಿಯೊ ನೋಡಲು ಎಲ್ಲರೂ ಮುತ್ತಿಕೊಂಡರು. ನನ್ನ ಕೆಂಪು ಚುಕ್ಕಿ ದೃಷ್ಟಿಗೊಂಬೆಯ ಮೀಸೆಯ ಮೇಲೆ ಚೂರು ನಿಂತು, ಸಿಮೆಂಟ್ ಚೀಲದ ಮೇಲೆ ಬಿಚ್ಚಿಟ್ಟಿದ್ದ ಕುರುಕಲು ತಿಂಡಿ, ಸವಣೂರ ಖಾರದ ಪೊಟ್ಟಣಕ್ಕೆ ಹಾರಿ, ಅಲ್ಲೇ ಠಿಕಾಣಿ ಹೂಡಿತ್ತು. ಕಿಂಡಿಯತ್ತ ಒಮ್ಮೆಯೂ ಸುಳಿದಿರಲಿಲ್ಲ.

ಅಕ್ಕ ಎದ್ದು ಹೋಗಿ ಪೊಟ್ಟಣ ತಂದು ನನ್ನ ಕೈಗಿಟ್ಟಳು. "ಮೊದಲ ನೀವು ತಿನ್ರಿ. ಇಲ್ಲಾಂದ್ರ ನಮಗ ಹೊಟ್ಟಿ ನೋಯ್ತೈತಿ."

ನಾಚಿಕೆ ಬಿಟ್ಟು ತಿಂದೆ. ಸುತ್ತಲಿನವರ ನಗು ಇನ್ನೂ ನಿಂತಿರಲಿಲ್ಲ, ಅಷ್ಟರಲ್ಲೇ ಹಿರಿಯ ಗೌಂಡಿ ಕನ್ನಡಕಕ್ಕೆ ಕೈ ಚಾಚಿದರು. ಸಂಜೆಯೊಳಗೆ ಎಲ್ಲರೂ ಸರದಿಯಂತೆ ಹಾಕಿಕೊಂಡರು.

ಮನೆಗೆ ಬಂದು ಒಂದೊಂದೇ ವಿಡಿಯೊ ನೋಡಿದೆ. ಎಲ್ಲರ ಚುಕ್ಕಿಯೂ ಮತ್ತೆ ಮತ್ತೆ ಎರಡೇ ಕಡೆ ಹೋಗಿ ನಿಂತಿತ್ತು. ಒಂದು ಆ ಕಿಂಡಿ, ಇನ್ನೊಂದು ನನ್ನ ಕಾಲು.