ಗೋಡೆಯೊಳಗೆ ಕೂತು ನೇಯುವ ಮಗ್ಗ

ಗುಳೇದಗುಡ್ಡದ ಮಕ್ಕಳಿಗೆ ನೇಯ್ಗೆ ಕಲಿಸಲು ಸರಕಾರ ನನ್ನನ್ನು ಕಳಿಸಿತು. ಮೀನಿನ ಮರಿಗೆ ಈಜು ಕಲಿಸುವ ಕೆಲಸ! ಆ ಊರಲ್ಲಿ ಕುಪ್ಪಸದ ಖಣ ನೇಯದ ಮನೆಯನ್ನು ಹುಡುಕಬೇಕು. ಬಾದಾಮಿಯ ನಮ್ಮ ಮನೆತನದಲ್ಲೋ ಪಂಚಾಂಗಕ್ಕಿಂತ ಭಾರವಾದದ್ದನ್ನು ಎತ್ತಿದವರೇ ಇಲ್ಲ. ಐವತ್ತರ ದಶಕದ ಮೊದಲ ವರ್ಷಗಳವು. ಸಾಲೆಯಲ್ಲಿ ಕೈಕೆಲಸ ಕಲಿಸಲೇಬೇಕೆಂದು ಹುಕುಂ ಬಂದಿತ್ತು. ಹದಿನೈದು ದಿನದ ತರಬೇತಿಗೆ ಹೋದ ನಾನು ಹನ್ನೆರಡು ದಿನ ಜ್ವರದಲ್ಲಿ ಮಲಗಿ ಸರ್ಟಿಫಿಕೇಟು ತಂದಿದ್ದೆ. ನೌಕರಿ ಇನ್ನೂ ಹಂಗಾಮಿ. ತನಿಖೆಗೆ ಬರುವ ಸಾಹೇಬರು ನೇಯ್ಗೆ ಮೆಚ್ಚಿದರೆ ಮಾತ್ರ ಕಾಯಂ.

ಸರಕಾರದ ಮಗ್ಗ ಬಿಡಿಬಿಡಿಯಾಗಿ ಬಂತು. ನಕ್ಷೆ ನೋಡಿ ನಾನೇ ಜೋಡಿಸಿ ನೆಲಕ್ಕೆ ಬೋಲ್ಟು ಬಿಗಿದೆ. ನೇಯುವವರು ಕೂರುವ ಬದಿ ಗೋಡೆಗೆ ಅಂಟಿಕೊಂಡಿತ್ತು. ಅದರಲ್ಲಿ ನೇಯಬೇಕಾದರೆ ಗೋಡೆಯೊಳಗೆ ಕೂರಬೇಕು. ನನಗೆ ತಿಳಿಯಲಿಲ್ಲ, ತರಗತಿಯ ಒಂದು ಮಗುವೂ ಹೇಳಲಿಲ್ಲ. ಮೂರು ತಿಂಗಳು ನಾನು ಕೋಲಿನಿಂದ ತೋರಿಸಿ "ಇದು ಲಾಳಿ" ಎಂದೆ. ಬೆಳಿಗ್ಗೆ ಎದ್ದು ಮನೆಯ ಮಗ್ಗದಲ್ಲಿ ಲಾಳಿ ಎಸೆದು ಬಂದ ಕೈಗಳು ಪಾಟಿಯ ಮೇಲೆ ಶಿಸ್ತಾಗಿ "ಲಾಳಿ" ಎಂದು ಬರೆದುಕೊಂಡವು.

ಸಾಲದ್ದಕ್ಕೆ ಪ್ರತಿ ಸೋಮವಾರ ಮಗ್ಗದ ಮೇಲೆ ಒಂದು ಗೇಣು ಖಣ ಮಡಚಿ ಇಟ್ಟಿರುತ್ತಿತ್ತು. ಯಾರದೋ ತಾಯಿ ಕಳಿಸಿದ್ದು; ಮಾಸ್ತರ ಮರ್ಯಾದೆ ಹೋಗಬಾರದಲ್ಲ! ನಾನೂ ಎಂಥ ಭೂಪ! ಯಾರದೆಂದು ಕೇಳದೆ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದೆ.

ಸಾಹೇಬರು ಬಂದರು. ಮೊದಲು ಓದು. ಕುರಿಹಟ್ಟಿಯಿಂದ ಬರುವ ನನ್ನ ಹೆಮ್ಮೆಯ ಹುಡುಗ ಪುಸ್ತಕ ಹಿಡಿದು ಎಲ್ಲೂ ತಡವರಿಸದೆ ಆನೆಯ ಪಾಠ ಒಪ್ಪಿಸಿದ. ಸಾಹೇಬರು ತಲೆದೂಗಿದರು. ಆಮೇಲೆ ನಾನು ಕಪಾಟಿನಿಂದ ತೆಗೆದುಕೊಟ್ಟ ಖಣ ಬಿಡಿಸಿ ನೋಡಿ, "ಇದನ್ನ ಯಾರು ನೇಯ್ದಾರ?" ಎಂದರು.

"ನಮ್ಮ ಮಾಸ್ತರ್ರೀ!" ಇಡೀ ತರಗತಿ ಒಂದೇ ದನಿಯಲ್ಲಿ ಕೂಗಿತು.

"ಹೌದೇನ್ರಿ? ಒಂದೀಟು ನೇಯ್ದು ತೋರಸ್ರಿ, ನೋಡೋಣು."

ಕೂರಲು ಹೋದೆ. ಮೊಣಕಾಲು ಗೋಡೆಗೆ ಬಡಿಯಿತು. ಅಡ್ಡಲಾಗಿ ನುಗ್ಗಿದೆ, ಹೊಟ್ಟೆ ಗೋಡೆಗೂ ಮಗ್ಗಕ್ಕೂ ನಡುವೆ ಸಿಕ್ಕಿಬಿತ್ತು. ಒಂದು ಕೈ ಸಾಹೇಬರು ಜಗ್ಗಿದರು, ಇನ್ನೊಂದು ಅವರ ಸಂಗಡ ಬಂದ ಸಿಪಾಯಿ ಜಗ್ಗಿದ. ಧೋತರ ಹರಿಯಿತು, ನಾನು ಕದಲಲಿಲ್ಲ. ಸಿಟ್ಟು ನೆತ್ತಿಗೇರಿತು. "ಬಿಡ್ರಿ ಸಾಕು! ನನಗ ನೇಯಲಿಕ್ಕೆ ಬರೂದಿಲ್ಲ!" ಎಂದು ಗೋಡೆಗೆ ಕೂಗಿಬಿಟ್ಟೆ.

ಮುಂದಿನ ಸಾಲಿನ ಹುಡುಗಿ ಸಮಾಧಾನ ಹೇಳಿದಳು: "ನಮಗ ಗೊತ್ತೈತ್ರಿ ಮಾಸ್ತರ. ಮೊದಲನೇ ದಿನದಿಂದ ಗೊತ್ತೈತ್ರಿ."

"ಮತ್ತ ಯಾಕ ಹೇಳಲಿಲ್ಲ?"

"ನಿಮಗ ಕೆಟ್ಟ ಅನಸ್ತೈತಿ, ಹೇಳಬ್ಯಾಡ ಅಂದಿದ್ಲರಿ ನಮ್ಮವ್ವ."

ನಾಚಿಕೆಯಿಂದ ಸತ್ತೇ ಹೋದೆ. ಸಾಹೇಬರು ಬುಕ್ಕಿನಲ್ಲಿ "ಕಾಯಂ ಮಾಡತಕ್ಕದ್ದಲ್ಲ" ಎಂದು ಬರೆದು ಹೊರಟುಹೋದರು. ಮಕ್ಕಳು ಬೋಲ್ಟು ಬಿಚ್ಚಿ ನನ್ನನ್ನು ಹೊರಗೆಳೆದರು, ಮಗ್ಗವನ್ನು ತಿರುಗಿಸಿ ಕೂಡಿಸಿದರು. ಹೋದದ್ದು ಹೋಯಿತೆಂದು ನಾನೂ ನೆಲದ ಮೇಲೆ ಅವರ ಸಾಲಿನಲ್ಲೇ ಕೂತೆ. ಹರಿದ ಎಳೆಗೆ ಗಂಟು ಹಾಕುವುದನ್ನು ಆ ಹುಡುಗಿ ಕಲಿಸತೊಡಗಿದಳು. ಹತ್ತು ಸಲ ಹಾಕಿದೆ, ಹತ್ತು ಸಲವೂ ಬಿಚ್ಚಿತು. "ಹಂಗಲ್ರೀ ಮಾಸ್ತರ!" ಎಂದು ಮಕ್ಕಳು ಬಿದ್ದು ಬಿದ್ದು ನಕ್ಕರು. ಮೂರು ತಿಂಗಳಲ್ಲಿ ಅವರು ನನ್ನೆದುರು ನಕ್ಕದ್ದು ಅಂದೇ ಮೊದಲು.

ಕುರಿಹಟ್ಟಿಯ ಹುಡುಗ ಮಾತ್ರ ನಗಲಿಲ್ಲ. ಎಲ್ಲರೂ ಹೋದ ಮೇಲೆ ಪುಸ್ತಕ ಹಿಡಿದು ಹತ್ತಿರ ಬಂದ.

"ಮಾಸ್ತರ, ನನಗ ಓದಾಕ ಬರಂಗಿಲ್ರಿ."

ಚೇಷ್ಟೆ ಎಂದುಕೊಂಡೆ. ನಡುವಿನ ಒಂದು ಪುಟ ತೆಗೆದು ಓದು ಎಂದೆ. ಆ ಪುಟದಲ್ಲಿ ಬಾವಿಯ ಚಿತ್ರವಿತ್ತು. ಅವನು ಬೆಳಗಿನ ಅದೇ ಆನೆಯ ಪಾಠವನ್ನು ಗಡಗಡ ಒಪ್ಪಿಸಿದ. ಬೇರೆಯವರು ಓದುವುದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿದ್ದ. ಅಕ್ಷರ ಒಂದೂ ಗೊತ್ತಿರಲಿಲ್ಲ.

"ಇಷ್ಟು ದಿನ ಯಾಕ ಹೇಳಲಿಲ್ಲೋ?" ಎಂದು ರೇಗಿದೆ.

ಅವನು ಮಗ್ಗ ನೋಡಿದ, ನನ್ನನ್ನು ನೋಡಿದ.

"ನೀವು ಇವತ್ತ ಹೇಳಿದ್ರಲ್ರಿ. ಮೊದಲ ಹೇಳಿದ್ರ ನಾನೂ ಮೊದಲ ಹೇಳತಿದ್ನಿ."