ಸಂಜೆ ಖಂಡಿತ ಹೊರಡುತ್ತದೆ

ಬಸ್ಸು ಬರುವುದಿಲ್ಲ ಎಂಬ ಮಾತನ್ನು ಒಮ್ಮೆಗೇ ಹೇಳಬಾರದು. ಮೈಕಮ್ಮನ ಕಸುಬಿನ ಮೊದಲ ಪಾಠವೇ ಇದು.

ಬಸ್ ನಿಲ್ದಾಣದ ಮಹಡಿಯ ಮೇಲೆ, ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ, ಆಯುಷ್ಯದ ಮುಕ್ಕಾಲು ಪಾಲನ್ನು ಮೈಕಿನ ಮುಂದೆ ಕಳೆದ ಹೆಂಗಸು ಆಕೆ. ಹೆತ್ತವರಿಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ. ಡ್ರೈವರುಗಳಿಂದ ಹಿಡಿದು ಪೇಪರ್ ಮಾರುವವನವರೆಗೆ ಎಲ್ಲರಿಗೂ ಮೈಕಮ್ಮ. ಡಿಪೋದಿಂದ ಫೋನು ಬರುತ್ತಿತ್ತು: ಬಸ್ಸು ಕೆಟ್ಟಿದೆ, ಇವತ್ತು ಹೊರಡುವುದಿಲ್ಲ. ಕೆಳಗೆ ಗಂಟುಮೂಟೆ, ಮಕ್ಕಳುಮರಿ ಕಟ್ಟಿಕೊಂಡು ಜನ ನಿಂತಿದ್ದಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಕಿಟಕಿಯ ಗಾಜು ಉಳಿಯುವುದಿಲ್ಲ. ಆದ್ದರಿಂದ ಮೊದಲು, 'ಸ್ವಲ್ಪ ತಡವಾಗಿ ಹೊರಡುತ್ತದೆ.' ಒಂದಷ್ಟು ಹೊತ್ತು ಬಿಟ್ಟು, 'ಇನ್ನೂ ಸ್ವಲ್ಪ ತಡವಾಗಬಹುದು, ಪ್ರಯಾಣಿಕರು ದಯವಿಟ್ಟು ಸಹಕರಿಸಬೇಕು.' ಅದಾದ ಮೇಲೆ, ದನಿಗೆ ಇನ್ನಷ್ಟು ಜೇನು ಸವರಿ, 'ಸಂಜೆ ಖಂಡಿತ ಹೊರಡುತ್ತದೆ.' ಅಷ್ಟರಲ್ಲಿ ಅರ್ಧ ಜನ ಬೈದುಕೊಂಡು ಬೇರೆ ದಾರಿ ಹಿಡಿದಿರುತ್ತಾರೆ. ಉಳಿದವರಿಗೆ ಕೂಗಾಡುವ ತ್ರಾಣ ಇರುವುದಿಲ್ಲ. ಆಗ ಹೇಳಬೇಕು ರದ್ದಾಗಿದೆ ಅಂತ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ.

ಇದನ್ನು ಸುಳ್ಳು ಎಂದವರ ಮೇಲೆ ಆಕೆಗೆ ಸಿಟ್ಟು ಬರುತ್ತಿತ್ತು. "ಸುಳ್ಳಲ್ಲಪ್ಪ, ನಿಜಾನ ತುತ್ತು ಮಾಡಿ ತಿನ್ನಿಸೋದು" ಅನ್ನುವಳು. ಅದೇ ಪಾಠವನ್ನು ಒಡಹುಟ್ಟಿದ ತಂಗಿಗೂ ಕಲಿಸಿದಳು. ಮೂಗಿನಲ್ಲಿ ಮಾತಾಡುತ್ತಿದ್ದ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲಿ ಉಸಿರು ಬಿಡಬೇಕು, ಎಲ್ಲಿ ದನಿ ಇಳಿಸಬೇಕು ಎಂದು ತಿದ್ದಿ ತೀಡಿ, ನಿವೃತ್ತಿಯ ದಿನ ತನ್ನ ಕುರ್ಚಿಯಲ್ಲಿ ಕೂರಿಸಿ ಬಂದಳು.

ಗಂಡ ಅದೇ ಡಿಪೋದಲ್ಲಿ ಟೈರು ನೋಡಿಕೊಳ್ಳುತ್ತಿದ್ದವನು. ಊರಿಗೆಲ್ಲ ಟೈರಣ್ಣ. ಹರೆಯದಲ್ಲಿ ಒಮ್ಮೆ, ಕೈತುಂಬ ಮಸಿ ಮೆತ್ತಿಕೊಂಡು, ಮಹಡಿ ಹತ್ತಿ ಜಗಳಕ್ಕೆ ಬಂದಿದ್ದ. ಟೈರು ಕೆಟ್ಟಿಲ್ಲದ ಬಸ್ಸಿಗೆ ಟೈರು ಕೆಟ್ಟಿದೆ ಎಂದು ಮೈಕಿನಲ್ಲಿ ಸಾರಿದ್ದಾಳೆ, ತನ್ನ ಮಾನ ಹೋಯಿತು ಎಂಬುದು ಅವನ ದೂರು. ಜಗಳ ಮುಗಿಯದೆ ಮರುದಿನವೂ ಬಂದ. ಆ ಜಗಳ ಮದುವೆಯಲ್ಲಿ ಮುಗಿಯಿತು ಎನ್ನುತ್ತಿದ್ದರು ಡಿಪೋದವರು. ಮದುವೆಯಲ್ಲಿ ಶುರುವಾಯಿತು ಎನ್ನುತ್ತಿದ್ದ ಅವನು. ಅಡುಗೆಮನೆಯಿಂದ ಅವಳು "ಊಟ ಈಗ ಬಂತು ರೀ" ಎಂದರೆ, "ಮೈಕಮ್ಮನ ಈಗ ಅಂದ್ರೆ ನಾನೊಂದು ನಿದ್ದೆ ತೆಗೀಬಹುದು" ಎಂದು ನಿಜಕ್ಕೂ ದಿಂಬು ಎಳೆದುಕೊಳ್ಳುವನು. ಮಕ್ಕಳಾಗಲಿಲ್ಲ. ಅವನಿಗೆ ಅವಳು, ಅವಳಿಗೆ ಅವನು. ಆ ಎರಡು ಕೋಣೆಯ ಮನೆಯಲ್ಲಿ ಮಾತಿಗೆ ಮಾತ್ರ ಎಂದೂ ಬರ ಇರಲಿಲ್ಲ.

ವಿದೇಶ ಪ್ರವಾಸಕ್ಕೆ ದೂಡಿದವನೂ ಅವನೇ. "ಊರವರನ್ನೆಲ್ಲ ಹತ್ತಿಸಿ ಕಳಿಸ್ದೆ. ಒಂದ್ಸಲ ನೀನೂ ಹತ್ತು." ನೀವೂ ಬನ್ನಿ ಎಂದರೆ, "ಟೈರು ಮುಟ್ಟಿ ನೋಡದೆ ನಾನು ಯಾವ ಗಾಡೀನೂ ಹತ್ತಲ್ಲ. ವಿಮಾನದೋರು ಮುಟ್ಟೋಕೆ ಬಿಡ್ತಾರಾ?" ಎಂದು ನಕ್ಕುಬಿಟ್ಟ. ಕೊನೆಗೆ ಜೊತೆಗೆ ಹೊರಟವಳು ಟಿಕೆಟ್ ಕೌಂಟರಿನ ಹಳೆಯ ಗೆಳತಿ. ಚಿಲ್ಲರೆ ಕೊಡದವರನ್ನು ಸಾಲಿನಿಂದಲೇ ಆಚೆ ಕಳಿಸುತ್ತಿದ್ದುದರಿಂದ ಅವಳ ಹೆಸರು ಚಿಲ್ಲರಕ್ಕ. ಒಂದು ಪ್ರವಾಸದ ಗುಂಪಿಗೆ ಸೇರಿ ಇಬ್ಬರೂ ಹೊರಟರು.

ನೋಡಬೇಕಾದ್ದನ್ನೆಲ್ಲ ನೋಡಿದರು. ವಾಪಸು ಹೊರಡುವ ಹೊತ್ತಿಗೆ ಮೈಕಮ್ಮನಿಗೆ ಜ್ವರ ಬಂತು. ವಿಮಾನದ ಬಾಗಿಲಿನ ಹತ್ತಿರ ನಡುಗುತ್ತ ನಿಂತವಳನ್ನು ಕಂಡು ಸಮವಸ್ತ್ರದವರು ಪಕ್ಕಕ್ಕೆ ಕರೆದರು, ಡಾಕ್ಟರರನ್ನು ಕರೆಸಿದರು. ಈಕೆ ಹಾರುವ ಹಾಗಿಲ್ಲ ಎಂದರು ಅವರು. ಎದೆಯಲ್ಲಿ ಸೋಂಕು. ಗುಂಪು ಮುಖ ಸಪ್ಪೆ ಮಾಡಿಕೊಂಡು ವಿಮಾನ ಹತ್ತಿತು. ಚಿಲ್ಲರಕ್ಕ ಮಾತ್ರ ತನ್ನ ಚೀಲವನ್ನು ವಾಪಸು ಎಳೆದುಕೊಂಡು ಬಂದು, "ಕೂಡಿ ಬಂದಿದೀವಿ, ಕೂಡೇ ಹೋಗೋಣ ಬಿಡು" ಎಂದಳು. ಇಂಥ ಗೆಳತಿಯರು ಈಗಿನ ಕಾಲದಲ್ಲಿ ಹುಡುಕಿದರೂ ಸಿಕ್ಕುವುದಿಲ್ಲ.

ಆಸ್ಪತ್ರೆಯ ಬಿಳಿ ಕೋಣೆಯಲ್ಲಿ, ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಮಲಗಿದವಳು ಮನೆಗೆ ಫೋನು ಮಾಡಿ ಹೇಳಿದ್ದೇನು?

"ವಿಮಾನ ಸ್ವಲ್ಪ ತಡ ರೀ. ಎರಡು ದಿನ ಆಚೆಈಚೆ ಆಗಬಹುದು."

"ದನಿ ಯಾಕೆ ಹಾಗಿದೆ?"

"ಐಸ್‌ಕ್ರೀಮು ತಿಂದೆ."

"ತಿನ್ನು ತಿನ್ನು. ಇಲ್ಲಿದ್ದಾಗ ನಂಗೆ ಒಂದು ಚಮಚ ಕೊಡ್ತಿರ್ಲಿಲ್ಲ." ಅವನು ನಕ್ಕ. ನಗು ನಡುವೆಯೇ ತುಂಡಾಯಿತು.

"ನೀವ್ಯಾಕೆ ಏದುಸಿರು ಬಿಡ್ತಿದೀರ?"

"ಈಗ ತಾನೇ ಮಹಡಿ ಹತ್ತಿ ಬಂದೆ. ಬಟ್ಟೆ ಒಣಗಿಸಿದ್ದೆ."

ನಾನು ಹುಷಾರಾಗಿದ್ದೇನೆ ಎಂದು ಅವಳು, ನಾನೂ ಹುಷಾರಾಗಿದ್ದೇನೆ ಎಂದು ಅವನು. ಅವನಿಗೆ ಎದೆ ಹಿಡಿದು ವಾರವಾಗಿತ್ತು ಎಂಬುದು ಅವಳಿಗೆ ತಿಳಿಯಲಿಲ್ಲ. ಅವಳ ಮೂಗಿನ ಕೊಳವೆ ಅವನಿಗೆ ಕಾಣಲಿಲ್ಲ. ಒಬ್ಬರ ಸುಳ್ಳಿಗೆ ಒಬ್ಬರು ಸಹಕರಿಸಿದರು. ಅದೇ ಅವರ ಕೊನೆಯ ಮಾತುಕತೆಯಾಯಿತು.

ಜ್ವರ ಇಳಿದು, ಪ್ರಯಾಣ ಮಾಡಬಹುದು ಎಂದು ಡಾಕ್ಟರರು ಬರೆದುಕೊಟ್ಟ ದಿನವೇ ಆ ಊರಿನಲ್ಲಿ ಹಿಮಗಾಳಿ ಎದ್ದಿತು. ವಿಮಾನ ನಿಲ್ದಾಣದ ದೊಡ್ಡ ಹಜಾರದಲ್ಲಿ ಜನ ನೆಲದ ಮೇಲೇ ಕೋಟು ಹಾಸಿ ಮಲಗಿದ್ದರು. ಗೋಡೆಯ ಹಲಗೆಯಲ್ಲಿ ಊರುಗಳ ಹೆಸರಿನ ಮುಂದೆ ಕೆಂಪು ಅಕ್ಷರ. ಚಿಲ್ಲರಕ್ಕ ತನಗೆ ಬರುವ ಚೂರುಪಾರು ಇಂಗ್ಲಿಷಿನಲ್ಲಿ ಕೌಂಟರಿನ ಹೆಂಗಸಿನೊಡನೆ ಗುದ್ದಾಡಿ, ಗೆಳತಿಗೆ ಒಂದು ಬೆಂಚನ್ನೂ ಎರಡು ಕಂಬಳಿಯನ್ನೂ ಗೆದ್ದು ತಂದಳು.

ಬೆಂಚಿನ ಮೇಲೆ ಕೆಮ್ಮುತ್ತ ಕುಳಿತಿದ್ದಾಗ ತಂಗಿಯ ಫೋನು ಬಂತು.

"ಅಕ್ಕ, ಭಾವಂಗೆ ಸ್ವಲ್ಪ ಎದೆನೋವು ಅಂತ ಆಸ್ಪತ್ರೆಗೆ ಕರ್ಕೊಂಡು ಬಂದಿದೀವಿ. ಗಾಬರಿ ಏನಿಲ್ಲ."

ಮೈಕಮ್ಮ ಬೆಂಚಿನಿಂದ ಎದ್ದು ನಿಂತಳು. ಫೋನು ಅವರಿಗೆ ಕೊಡು ಎಂದಳು. ಒಳಗಿದ್ದಾರೆ, ಫೋನು ಬಿಡುವುದಿಲ್ಲ ಎಂದಳು ತಂಗಿ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಫೋನು. "ಇನ್ನೂ ಸ್ವಲ್ಪ ನೋಡ್ಬೇಕು ಅಂತಿದಾರೆ ಅಕ್ಕ ಡಾಕ್ಟ್ರು. ನೀನು ಧೈರ್ಯವಾಗಿರ್ಬೇಕು." ಮೈಕಮ್ಮ ಕಂಬಳಿಯನ್ನು ಬಿಗಿಯಾಗಿ ಹಿಡಿದು, ಬದುಕಿದ್ದರೆ ಸಾಕು, ಇನ್ನೆಂದೂ ಮನೆಯ ಹೊಸಿಲು ದಾಟುವುದಿಲ್ಲ ಎಂದು ಯಾರಿಗೋ ಮಾತು ಕೊಡುತ್ತ ಕುಳಿತಳು. ಮೂರನೇ ಸಲ ಫೋನು ಬಂದಾಗ ತಂಗಿಯ ದನಿ ಬಹಳ ಮೃದುವಾಗಿತ್ತು.

"ಮಲಗಿದಾರೆ ಅಕ್ಕ. ಎಬ್ಬಿಸ್ಬೇಡಿ ಅಂದಿದಾರೆ. ಸಂಜೆ ಖಂಡಿತ ಮಾತಾಡಿಸ್ತೀನಿ."

ಉಸಿರು ಬಿಡಬೇಕಾದಲ್ಲಿ ಬಿಟ್ಟಿತ್ತು. ಇಳಿಯಬೇಕಾದಲ್ಲಿ ಇಳಿದಿತ್ತು. ಆ ದನಿಯನ್ನು ತಿದ್ದಿ ತೀಡಿದವಳಿಗೆ ಅದು ಏನು ಹೇಳುತ್ತಿದೆ ಎಂದು ಇನ್ನೊಬ್ಬರು ತಿಳಿಸಬೇಕೆ?

"ಯಾವಾಗ ಹೋದ್ರು?" ಎಂದಳು ಮೈಕಮ್ಮ.

ತಂಗಿ, ಕಲಿತದ್ದನ್ನೆಲ್ಲ ಮರೆತು, ಚಿಕ್ಕಂದಿನ ಮೂಗಿನ ದನಿಯಲ್ಲಿ ಅತ್ತಳು. "ಬೆಳಿಗ್ಗೇನೇ ಅಕ್ಕ. ನಾನು ಮೊದಲ್ನೇ ಸಲ ಫೋನ್ ಮಾಡೋ ಹೊತ್ತಿಗೇ ಇರ್ಲಿಲ್ಲ. ಹುಷಾರಿಲ್ಲದೆ ದೂರದಲ್ಲಿ ಕೂತಿದೀಯ, ಹೇಗಕ್ಕ ಹೇಳ್ಲಿ ಒಂದೇ ಸಲ?"

ಬೈಯುವುದಕ್ಕೆ ಬಾಯಿ ಇರಲಿಲ್ಲ ಮೈಕಮ್ಮನಿಗೆ. ಅವಳ ಮೈಯಲ್ಲಿ ಅಳುವಷ್ಟು ಉಸಿರೂ ಇರಲಿಲ್ಲ. ಅತ್ತರೆ ಕೆಮ್ಮು, ಕೆಮ್ಮಿದರೆ ಎದೆ ಹಿಂಡುವ ನೋವು. ಚಿಲ್ಲರಕ್ಕ ಓಡಿ ಬಂದು ಅವಳ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು ನಿಂತಳು. ಸುತ್ತ ಮಲಗಿದ್ದವರಲ್ಲಿ ಕೆಲವರು ಎದ್ದು ನೋಡಿದರು, ಯಾರೋ ನೀರಿನ ಬಾಟಲಿ ತಂದುಕೊಟ್ಟರು.

ಮನೆಯಿಂದ ಮತ್ತೆ ಫೋನು ಬಂತು. ಈ ಸಲ ಗಂಡನ ಅಣ್ಣ.

"ನೋಡಮ್ಮ, ನಾಳೆ ಬೆಳಿಗ್ಗೆ ತನಕ ಮಂಜುಗಡ್ಡೆ ಪೆಟ್ಟಿಗೇಲಿ ಇಟ್ಕೋತೀವಿ. ಅದಕ್ಕಿಂತ ಜಾಸ್ತಿ ಆಗಲ್ಲ. ವಯಸ್ಸಾದೋರೆಲ್ಲ ಬಂದು ಕೂತಿದಾರೆ. ನೀನು ಬಂದೇ ಬರ್ತೀನಿ ಅಂದ್ರೆ ಕಾಯ್ತೀವಿ. ಆಗಲ್ಲ ಅಂದ್ರೆ ಇವತ್ತು ಸಂಜೇನೇ ಮುಗಿಸ್ತೀವಿ. ನೀನು ಹೇಳಿದ ಹಾಗೆ."

ಆ ಮುಖವನ್ನು ಒಮ್ಮೆ ನೋಡಬೇಕು. ಮೈಕಮ್ಮನಿಗೆ ಇನ್ನೇನೂ ಬೇಕಿರಲಿಲ್ಲ. ಒಮ್ಮೆ ನೋಡಿ, ಹಣೆ ಮುಟ್ಟಿ, ನಾನು ಐಸ್‌ಕ್ರೀಮು ತಿನ್ನಲಿಲ್ಲ ರೀ, ಸುಳ್ಳು ಹೇಳಿದೆ ಎಂದು ಹೇಳಬೇಕು. ಚಿಲ್ಲರಕ್ಕ ಕೌಂಟರಿಗೆ ಓಡಿ ಬಿದ್ದಂಬೀಳ ವಾಪಸು ಬಂದಳು.

"ಹೋಗತ್ತಂತೆ ಕಣೇ! ಸಂಜೆ ಖಂಡಿತ ಹೊರಡತ್ತೆ ಅಂದ್ಲು. ನಾಳೆ ಬೆಳಿಗ್ಗೆ ಮನೇಲಿರ್ತೀವಿ. ಕಾಯೋಕೆ ಹೇಳು, ಬೇಗ ಹೇಳು."

ಮೈಕಮ್ಮ ಕೌಂಟರಿನ ಕಡೆ ನೋಡಿದಳು. ಅಚ್ಚುಕಟ್ಟಾಗಿ ತಲೆ ಬಾಚಿದ ಹೆಂಗಸು, ಮೈಕು ಹಿಡಿದು ಅದನ್ನೇ ಎಲ್ಲರಿಗೂ ಸಾರುತ್ತಿದ್ದಳು. ಭಾಷೆ ತಿಳಿಯದಿದ್ದರೂ ದನಿ ತಿಳಿಯಿತು. ಅದೇ ಜೇನು. ಅದೇ ನಗು. ಬೆಳಿಗ್ಗೆ ಸ್ವಲ್ಪ ತಡ ಎಂದಿದ್ದವಳೂ, ಮಧ್ಯಾಹ್ನ ಇನ್ನೂ ಸ್ವಲ್ಪ ಎಂದಿದ್ದವಳೂ ಇವಳೇ. ಕಳ್ಳನ ಹೆಜ್ಜೆ ಕಳ್ಳನೇ ಬಲ್ಲ.

"ನಂಬಬೇಡ ಕಣೇ" ಎಂದಳು ಗೆಳತಿಗೆ. "ಇದು ಮೂರನೇ ಮಾತು. ಸಂಜೆ ಆಗ್ಲಿ, ನಾಲ್ಕನೇದು ಹೇಳ್ತಾಳೆ."

"ಎಲ್ಲರೂ ನಿನ್ನ ಹಾಗೇ ಇರ್ತಾರಾ? ಕೇಳೇ ನನ್ನ ಮಾತು."

ಕೇಳಲಿಲ್ಲ. ಬಸ್ ನಿಲ್ದಾಣದ ತನ್ನ ಕಿಟಕಿಯಿಂದ ಕೆಳಗೆ ಕಾಣುತ್ತಿದ್ದ ಆ ಜನ ಅವಳ ಕಣ್ಣಮುಂದೆ ಬಂದರು. ಬರದ ಬಸ್ಸಿಗಾಗಿ, ಇವಳ ಮಾತು ನಂಬಿ, ಬಿಸಿಲು ಬಾಡುವವರೆಗೆ ಗಂಟಿನ ಮೇಲೆ ಕುಳಿತವರು. ಕಾಯಿಸಿಕೊಂಡವರ ಮುಖ ಹೇಗಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಹಾಗೆ ಅವನನ್ನು ಕಾಯಿಸಲೇ? ಇವತ್ತು, ನಾಳೆ, ಇನ್ನೂ ಸ್ವಲ್ಪ ಎಂದು ಮುದುಕರನ್ನೆಲ್ಲ ಸುತ್ತ ಕೂರಿಸಿ, ಕೊನೆಗೆ ಬರುವುದಿಲ್ಲ ಎನ್ನಲೇ? ಯಾರಿಗೆ ಬೇಕಾದರೂ ಮಾಡಿಯಾಳು, ಅವನಿಗೆ ಮಾಡಲಾರಳು. ಬದುಕಿನಲ್ಲಿ ಮೊದಲ ಸಲ, ಇದ್ದದ್ದನ್ನು ಒಮ್ಮೆಗೇ ಹೇಳುವ ಧೈರ್ಯ ತಂದುಕೊಂಡಳು.

"ನಾನು ಬರೋದಿಲ್ಲ" ಎಂದಳು ಫೋನಿನಲ್ಲಿ. "ಅವರನ್ನ ಕಾಯಿಸಬೇಡಿ. ಇವತ್ತೇ ಕಳಿಸಿಕೊಡಿ."

ಹಿಂದಿನಿಂದ ತಂಗಿ "ಬೇಡ ಅಕ್ಕ, ಕಾಯೋಣ" ಎಂದು ಕೂಗಿದ್ದು ಕೇಳಿಸಿತು. ಮೈಕಮ್ಮ ಫೋನಿಟ್ಟಳು.

ಗಾಳಿ ನಿಂತಿತು. ದೊಡ್ಡ ಗಾಜಿನಾಚೆ ಹಿಮ ಗುಡಿಸುವ ಗಾಡಿಗಳು ಸಾಲಾಗಿ ಓಡಾಡಿದವು. ಹಲಗೆಯ ಮೇಲೆ ಒಂದೊಂದೇ ಕೆಂಪು ಅಕ್ಷರ ಹಸಿರಾಯಿತು. ಸಂಜೆ, ಹೇಳಿದ ಹೊತ್ತಿಗೆ, ಬಾಗಿಲು ತೆರೆಯಿತು. ಕೌಂಟರಿನ ಹೆಂಗಸು ತಾನೇ ಗಾಲಿಕುರ್ಚಿ ತಳ್ಳಿಕೊಂಡು ಬೆಂಚಿನ ಬಳಿ ಬಂದು, ಬಾಗಿ, ಮೈಕಮ್ಮನ ಭುಜ ಮುಟ್ಟಿದಳು.

ಮೈಕಮ್ಮ ಅವಳ ಮುಖವನ್ನೇ ನೋಡುತ್ತ ಫೋನು ಒತ್ತಿದಳು. ಯಾರೂ ಎತ್ತಲಿಲ್ಲ. ಮತ್ತೆ ಒತ್ತಿದಳು, ಮತ್ತೆ. ಗಾಲಿಕುರ್ಚಿ ವಿಮಾನದ ಬಾಗಿಲಿನವರೆಗೆ ಬಂದ ಮೇಲೆ ತಂಗಿ ಎತ್ತಿದಳು.

"ನಿಲ್ಸು, ನಿಲ್ಸೇ ಅವರನ್ನ. ವಿಮಾನ ಹೊರಡ್ತಿದೆ, ನಾನು ಬರ್ತಿದೀನಿ."

"ಆಗೋಯ್ತಕ್ಕ" ಎಂದಳು ತಂಗಿ.

ಬೆಳಿಗ್ಗೆ ಮನೆ ತಲುಪಿದಾಗ ಅಂಗಳ ತೊಳೆದಿದ್ದರು. ಹಜಾರದಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಮಂಚದ ಮೇಲೆ ಹಾಸಿಗೆ ಇರಲಿಲ್ಲ. ಗಂಡನ ಅಣ್ಣ ಬಾಗಿಲಲ್ಲೇ ಎದ್ದು ನಿಂತ. ಅವನ ದನಿಯಲ್ಲಿ ಕೋಪವಿರಲಿಲ್ಲ, ಬರೀ ಸಂಕಟ. "ಬರಲ್ಲ ಅಂದೆಯಲ್ಲಮ್ಮ. ಈ ಹೊತ್ತಿನ ತನಕ ಇಟ್ಕೊಂಡೇ ಇರ್ತಿದ್ವಿ."

ಚಿಲ್ಲರಕ್ಕ ಹಿಂದೆ ಚೀಲಗಳನ್ನು ಹಿಡಿದು ನಿಂತಿದ್ದಳು. ತಂಗಿ ಓಡಿ ಬಂದು ಅಕ್ಕನನ್ನು ಅಪ್ಪಿಕೊಂಡಳು. ಮೈಕಮ್ಮ ಆ ಬರಿಯ ಮಂಚವನ್ನೇ ನೋಡುತ್ತಿದ್ದಳು.

"ಅವಳು ನಿಜ ಹೇಳಿದ್ಲು ಕಣೇ" ಎಂದಳು ತಂಗಿಗೆ, ಒಡೆದ ದನಿಯಲ್ಲಿ. "ಆ ಕೌಂಟರಿನೋಳು ನಿಜಾನೇ ಹೇಳಿದ್ಲು."