ಓದಿ ಹೇಳದ ಅಫಿದವಿತ್

ಬಂಟ್ವಾಳದ ನಮ್ಮ ಸೀನಿಯರ್ ವಕೀಲರ ಆಫೀಸಿನಲ್ಲಿ ಎಂಟು ವರ್ಷ ನನಗೆ ಸಿಕ್ಕಿದ್ದು ಕೇಸನ್ನು ಮುಂದಿನ ತಾರೀಕಿಗೆ ಹಾಕಿಸಲು ವಾಯಿದೆ ಕೇಳುವ ಕೆಲಸ. ಪಾಟಿಸವಾಲಿಗೆ ಎದ್ದು ನಿಲ್ಲುವ ಆಸೆ ಹೇಳಿಕೊಂಡಾಗಲೆಲ್ಲ ಅವರು, "ಆಗ್ಲಿ, ಮುಂದಿನ ಕೇಸಿನಲ್ಲಿ ನೋಡುವ" ಎನ್ನುತ್ತಿದ್ದರು. ಆ ಮುಂದಿನ ಕೇಸು ಬರಲೇ ಇಲ್ಲ. ಬಿಟ್ಟು ಹೋಗೋಣವೆಂದರೆ, ಹೆಂಗಸೊಬ್ಬಳು ಒಂಟಿಯಾಗಿ ಬೋರ್ಡು ಹಾಕಿದರೆ ಕಕ್ಷಿದಾರರು ಮೆಟ್ಟಿಲು ಹತ್ತುತ್ತಾರೆಯೇ ಎಂಬ ಭಯ.

ಅಷ್ಟರಲ್ಲಿ ಕಾನೂನು ಬದಲಾಯಿತು. ಸಾಕ್ಷಿ ಹೇಳಬೇಕಾದದ್ದನ್ನು ಮೊದಲೇ ಪ್ರಮಾಣ ಮಾಡಿ ಅಫಿದವಿತ್ ಆಗಿ ಬರೆದು ಕೊಡಬೇಕು. ಸಾಕ್ಷಿ ಕಟಕಟೆ ಹತ್ತುವುದು ಎದುರು ವಕೀಲರ ಪಾಟಿಸವಾಲಿಗೆ ಮಾತ್ರ. ಇದನ್ನು ಕಲಿಸಲು ಮೂಡುಬಿದಿರೆಯಲ್ಲಿ ವಕೀಲರಿಗೊಂದು ಭಾನುವಾರದ ಕ್ಲಾಸು ಇಟ್ಟರು. ಈ ವಯಸ್ಸಿನಲ್ಲಿ ಬೆಂಚಿನ ಮೇಲೆ ಕೂರಲು ಸೀನಿಯರಿಗೆ ಮರ್ಯಾದೆ ಅಡ್ಡ ಬಂತು. "ನೀನು ಹೋಗಿ ಬಾ ಮಾರಾಯ್ತಿ, ಆಮೇಲೆ ನನಗೆ ಹೇಳಿದ್ರಾಯ್ತು" ಎಂದರು.

ಹೋದೆ. ಕಲಿತರೆ ಬಾಗಿಲು ತೆರೆಯುತ್ತದೆ ಎಂದು ನಂಬಿದ ಪೆದ್ದಿ ನಾನು. ನೋಟ್ಸು ಬರೆದೆ, ಅಲ್ಲಿ ಹಂಚಿದ, ದಾರಿಯ ತಕರಾರಿನ ಮಾದರಿ ಅಫಿದವಿತ್ತಿನ ಜೆರಾಕ್ಸನ್ನು ಜೋಪಾನವಾಗಿ ತಂದೆ. ಮರುದಿನದಿಂದ ಆಫೀಸಿನ ಅಫಿದವಿತ್ತುಗಳೆಲ್ಲ ನನ್ನ ತಲೆಗೆ ಬಿದ್ದವು. ಮೊದಲು ಕೋರ್ಟಿಗಾದರೂ ಹೋಗುತ್ತಿದ್ದೆ. ಈಗ ಟೈಪಿಂಗ್ ಮೇಜಿನಿಂದ ಏಳುವ ಹಾಗೂ ಇಲ್ಲ.

ಆಗ ಬಂದದ್ದು ನೆರಿಯ ಎಂಬ ಊರಿನ, ಬೀಡಿ ಕಟ್ಟುವ ಹೆಂಗಸೊಬ್ಬರ ಕೇಸು. ಅವರ ಮನೆಯಿಂದ ರಸ್ತೆಗೆ ಬರುವ ಕಾಲುದಾರಿಗೆ ಪಕ್ಕದವರು ಬೇಲಿ ಹಾಕಿದ್ದರು. ಕಟ್ಟಿದ ಬೀಡಿ ಕೊಟ್ಟು ಬರಲೂ ತೋಡಿನ ನೀರು ದಾಟಿ ಸುತ್ತು ಹಾಕಬೇಕು. ಇಪ್ಪತ್ತು ವರ್ಷಕ್ಕೂ ಮೀರಿ ಬಳಸಿದ ದಾರಿ ಎಂದು ತೋರಿಸಿದರೆ ಹಕ್ಕು ಸಿಗುತ್ತದೆ. ಸಹಿಗೆ ಬಂದ ದಿನ ಅವರಿಗೆ ಬಸ್ಸಿನ ಹೊತ್ತಾಗಿತ್ತು, ನನ್ನ ಮುಂದೆ ಇನ್ನೂ ನಾಲ್ಕು ಫೈಲು. "ಮೂವತ್ತು ವರ್ಷಗಳಿಂದ ನಾನು ಇದೇ ದಾರಿಯಲ್ಲಿ ನಡೆದಾಡುತ್ತಿದ್ದೇನೆ" ಎಂಬ ಮಾದರಿಯ ಸಾಲು ತಿದ್ದದೆ ಹಾಗೇ ಉಳಿಯಿತು. ಕಕ್ಷಿದಾರರಿಗೆ ಅವರ ತುಳುವಿನಲ್ಲಿ ಓದಿ ಹೇಳಿ, ಆಮೇಲೆ ಸಹಿ ಹಾಕಿಸಿ ಎಂದು ಕ್ಲಾಸಿನಲ್ಲಿ ಹೇಳಿದ್ದರು. ನನ್ನ ನೋಟ್ಸಿನಲ್ಲಿ ಆ ಮಾತಿನ ಕೆಳಗೆ ಎರಡು ಗೆರೆ ಇದೆ. ನಾನು ಓದಿ ಹೇಳಲಿಲ್ಲ.

ಬೆಳ್ತಂಗಡಿ ಕೋರ್ಟಿನಲ್ಲಿ ಎದುರು ವಕೀಲರು ಆಕೆಯನ್ನು ತುಳುವಿನಲ್ಲೇ ಕೇಳಿದರು. "ಮದುವೆಯಾಗಿ ಈ ಮನೆಗೆ ಬಂದು ಎಷ್ಟು ವರ್ಷ ಆಯ್ತು?"

"ಹನ್ನೆರಡು."

"ಅದಕ್ಕೆ ಮೊದಲು?"

"ಪುತ್ತಿಗೆಯಲ್ಲಿ, ತಾಯಿಮನೆಯಲ್ಲಿ."

"ಹಾಗಾದ್ರೆ ಮೂವತ್ತು ವರ್ಷ ನಡೆದದ್ದು ಯಾರು? ಕೋರ್ಟಿಗೆ ಸುಳ್ಳು ಬರೆದು ಕೊಟ್ಟಿದ್ದೀರಿ, ಅಲ್ವಾ?"

ಸೀನಿಯರ್ ಫೈಲನ್ನು ನನ್ನ ಕಡೆ ತಳ್ಳಿದರು. "ಕ್ಲಾಸಿಗೆ ಹೋದವಳು ನೀನಲ್ವಾ? ಇನ್ನು ಸಾಕ್ಷಿಗೆ ಕೇಳ್ಲಿಕ್ಕೆ ಉಂಟಾದ್ರೆ ನೀನೇ ಕೇಳು." ಎಂಟು ವರ್ಷ ಕಾದದ್ದು ಹೀಗೆ ಸಿಕ್ಕಿತು.

ಎದ್ದೆ. ಉಳಿದಿದ್ದ ಉಪಾಯ ಒಂದೇ, ತಪ್ಪು ನನ್ನದೆಂದು ದಾಖಲಾಗಬೇಕು. ಆಗ ಆಕೆ ಸುಳ್ಳು ಹೇಳಿದಂತಾಗುವುದಿಲ್ಲ; ದಾರಿ ಹಳೆಯದೆಂದು ಹೇಳಲು ಆಕೆಯ ಅತ್ತೆಯನ್ನು ಕರೆಸಬಹುದು. ನನ್ನ ಮಾನ ಹೋದರೆ ಹೋಗಲಿ. ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಬೇಡಿ ಎಂದೂ ಕ್ಲಾಸಿನಲ್ಲಿ ಹೇಳಿದ್ದರು. ನನಗೆ ಉತ್ತರ ಗೊತ್ತಿತ್ತು.

"ಸಹಿ ಹಾಕುವ ಮೊದಲು ನಾನು ಇದನ್ನು ನಿಮಗೆ ಓದಿ ಹೇಳಿದ್ದೇನಾ?"

ಆಕೆ ನನ್ನ ಮುಖ ನೋಡಿದರು, ಆಮೇಲೆ ನ್ಯಾಯಾಧೀಶರ ಕಡೆ ತಿರುಗಿದರು. "ಹೇಳಿದ್ದಾರೆ ಸ್ವಾಮಿ. ಒಂದೊಂದು ಮಾತೂ ಓದಿ ಹೇಳಿದ್ದಾರೆ. ಮೇಡಮಿನದ್ದು ಏನೂ ತಪ್ಪಿಲ್ಲ."

ನ್ಯಾಯಾಧೀಶರು ಅದನ್ನು ಕನ್ನಡದಲ್ಲಿ ಹೇಳಿ ಬರೆಸಿದರು. ಗೊತ್ತಿದ್ದೇ ಸುಳ್ಳಿಗೆ ಸಹಿ ಹಾಕಿದವರು ಆಕೆಯೇ ಎಂದಾಯಿತು. ಇನ್ನೊಮ್ಮೆ ಕೇಳಿದರೆ ನನ್ನ ಸಾಕ್ಷಿಯನ್ನು ನಾನೇ ಸುಳ್ಳು ಮಾಡಿದ ಹಾಗೆ. ಕೂತುಕೊಂಡೆ.

ಹೊರಗೆ ವರಾಂಡದಲ್ಲಿ ಆಕೆ ನನ್ನ ಕೈ ಹಿಡಿದುಕೊಂಡರು. "ನಿಮ್ಮನ್ನು ನಾನು ಬಿಟ್ಟುಕೊಡ್ಲಿಲ್ಲ ಮೇಡಂ. ಇನ್ನು ದಾರಿ ಸಿಗ್ತದಲ್ಲ?"